ಮೂಡಣ ತೋಟದ ಗಂಟೆ

"ಗುರುಗಳೇ, ಇಲ್ಲಿ ಎರಡು ನರಕೋಶಗಳಿವೆ. ಎರಡರ ಒಳಗೂ ಅದೇ ಉಪ್ಪುನೀರು, ಎರಡರಲ್ಲೂ ಅದೇ ಕಿಡಿ. ಆದರೂ ಒಂದು ತನಗೆ ಬಂದ ಸುದ್ದಿಯನ್ನೆಲ್ಲ ಸುಮ್ಮನೆ ಕೂಡಿಸುತ್ತದೆ. ಇನ್ನೊಂದು ತೂಗಿ ನೋಡಿ, ಇದು ಬೇಕು, ಇದು ಬೇಡ ಎನ್ನುತ್ತದೆ. ಅದಕ್ಕೆ ಮಾತ್ರ ಈ ಬುದ್ಧಿ ಎಲ್ಲಿಂದ ಬಂತು?"

ಕೇಳಿದವನು ಧರಣೇಂದ್ರ. ನರಗಳ ವಿದ್ಯೆ ಕಲಿಸುವ ಆ ಸಣ್ಣ ಶಾಲೆಗೆ ಎಲ್ಲರಿಗಿಂತ ಮೊದಲು ಬರುವವನೂ ಅವನೇ, ಕೊನೆಗೆ ಹೋಗುವವನೂ ಅವನೇ. ತಾನು ಬರೆದ ಎರಡು ಚಿತ್ರಗಳನ್ನು ಗುರುಗಳ ಮುಂದಿಟ್ಟಿದ್ದ. ಒಂದು ಕೋಶಕ್ಕೆ ನಾಲ್ಕಾರು ನೆಟ್ಟಗಿನ ಕೈಗಳು. ಇನ್ನೊಂದಕ್ಕೆ ಕವಲು, ಕವಲಿಗೆ ಕವಲು, ಅದಕ್ಕೂ ಟಿಸಿಲು. ಎಲೆ ಉದುರಿದ ಮರದಂತೆ.

ಗುರುಗಳು ಚಹಾದ ಲೋಟ ಕೆಳಗಿಟ್ಟರು.

"ನೀನು ಕೇಳುತ್ತಿರುವುದು ಕೋಶದ ಮಾತು ತಾನೆ?"

"ಕೋಶದ್ದೇ, ಗುರುಗಳೇ."

ಕೋಶದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕುಮುದಿನಿ ಎಂಬವಳು ಧರಣೇಂದ್ರನಿಗಿಂತ ಒಂದು ವರ್ಷ ತಡವಾಗಿ ಶಾಲೆಗೆ ಸೇರಿದವಳು. ಇಬ್ಬರಿಗೂ ಒಂದೇ ಬಗೆಯ ಸೂಕ್ಷ್ಮದರ್ಶಕ, ಒಂದೇ ಬಗೆಯ ಗಾಜಿನ ಪಟ್ಟಿ. ಎಲ್ಲರೂ ನೋಡಿ ಬದಿಗಿಟ್ಟ ಒಂದು ಪಟ್ಟಿಯಲ್ಲಿ ಅವಳು ಯಾರೂ ಕಾಣದ್ದೊಂದನ್ನು ಕಂಡಳು. ಗುರುಗಳು "ಭೇಷ್" ಎಂದರು. ಅವರು ಆ ಮಾತನ್ನು ಆಡುವುದು ಅಪರೂಪ. ಅವಳು ಅದನ್ನು ಒಂದು ಸಲ ಕೇಳಿ ಮರೆತಳು. ಧರಣೇಂದ್ರ ಅದನ್ನು ಊಟ ಮಾಡುವಾಗಲೂ ಕೇಳಿಸಿಕೊಳ್ಳುತ್ತಿದ್ದ.

ಸೋಮವಾರ ಅವನು ಕುಮುದಿನಿಯ ಬಳಿಗೆ ಹೋಗಿ, ತನಗೆ ಕಣ್ಣು ನೋಯುತ್ತಿದೆ, ಕಿಟಕಿಯ ಬಳಿಯ ಕುರ್ಚಿ ಬೇಕು ಎಂದ. ಅದು ಅವಳ ಕುರ್ಚಿ. "ಕೂತ್ಕೊಳ್ಳಿ, ಇಲ್ಲಿ ಬೆಳಕು ಚೆನ್ನಾಗಿದೆ" ಎಂದು ಅವಳು ತನ್ನ ಸಾಮಾನು ಎತ್ತಿಕೊಂಡು ಕಪಾಟಿನ ಮೂಲೆಗೆ ಹೋದಳು. ಅಷ್ಟು ಸುಲಭವಾಗಿ ಕೊಟ್ಟದ್ದು ಅವನಿಗೆ ಇನ್ನಷ್ಟು ಚುಚ್ಚಿತು. ಅಂದಿನಿಂದ ಅವನು ಒಂದು ಕಣ್ಣನ್ನು ಮಸೂರಕ್ಕೆ ಕೊಟ್ಟರೆ ಇನ್ನೊಂದನ್ನು ಕಪಾಟಿನ ಮೂಲೆಗೆ ಕೊಡುತ್ತಿದ್ದ.

"ಒಂದು ಕತೆ ಹೇಳುತ್ತೇನೆ" ಎಂದರು ಗುರುಗಳು. "ಕೋಶದ ಕತೆಯೇ."

ಒಂದು ಹೊಳೆ ಇತ್ತು. ಬೇಸಗೆಯಲ್ಲಿ ಅದರ ನೀರು ಬತ್ತಿ ಮರಳು ಬಯಲಾಗುತ್ತಿತ್ತು. ರೈತರು ಮರಳಿನಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಿದ್ದರು. ಹೊಳೆಯ ನಡುವೆ ಜೊಂಡು ಬೆಳೆದ ಒಂದು ನಡುಗಡ್ಡೆ. ಅದರಲ್ಲಿ ನರಿಗಳು. ನಡುಗಡ್ಡೆಯ ಮೂಡಣಕ್ಕೆ ಒಬ್ಬ ರೈತನ ತೋಟ, ಪಡುವಣಕ್ಕೆ ಇನ್ನೊಬ್ಬನದು. ಮೂಡಣದವನ ಊರು ಮೂಡಣ ದಡದಲ್ಲಿ, ಪಡುವಣದವನ ಊರು ಪಡುವಣ ದಡದಲ್ಲಿ. ನರಿಗಳಿಗೆ ಎರಡೂ ಊರಿನ ಹಣ್ಣು ಒಂದೇ.

ನರಿ ಒಂದು ಹಣ್ಣನ್ನು ಪೂರ್ತಿ ತಿಂದರೆ ರೈತ ಸಹಿಸಿಕೊಳ್ಳುತ್ತಿದ್ದ. ಅದು ಹಾಗೆ ಮಾಡುವುದಿಲ್ಲ. ಇದನ್ನು ಕಚ್ಚಿ, ಸಪ್ಪೆ ಎಂದು ಬಿಟ್ಟು, ಅದನ್ನು ಕಚ್ಚುತ್ತದೆ. ಹೀಗಾಗಿ ಆ ಹೊಳೆಯವರದು ಒಂದು ಪದ್ಧತಿ. ತೋಟದ ಸುತ್ತ ಮೊಣಕಾಲಿಗಿಂತ ಕೆಳಗೆ ಕತ್ತಾಳೆಯ ಹುರಿಗಳನ್ನು ಕಟ್ಟುವುದು. ಹುರಿಗಳನ್ನು ಗುಡಿಸಲಿನಲ್ಲಿ ತೂಗಿದ ಗಂಟೆಗೆ ಸೇರಿಸುವುದು. ನರಿ ನುಗ್ಗಿದರೆ ಹುರಿ ಜಗ್ಗುತ್ತದೆ. ಹುರಿ ಜಗ್ಗಿದರೆ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದರೆ ರೈತ ದೊಣ್ಣೆ ಹಿಡಿದು ಓಡುತ್ತಾನೆ.

ಪಡುವಣದವನ ಹುರಿಗಳೆಲ್ಲ ನೇರವಾಗಿದ್ದವು. ತೋಟದ ಅಂಚಿನಲ್ಲಿ ಹೊರಟರೆ ಗಂಟೆಯಲ್ಲೇ ಮುಗಿಯುತ್ತಿದ್ದವು. ಹೊಳೆಯ ಗಾಳಿ ಒಂದೊಂದು ಹುರಿಯನ್ನೂ ಒಂದಿಷ್ಟು ಎಳೆಯುತ್ತಿತ್ತು. ಒಂದಿಷ್ಟು ಒಂದಿಷ್ಟು ಸೇರಿ ಗಂಟೆಗೆ ಬರುವಾಗ ಅದು ನರಿಯಷ್ಟಾಗುತ್ತಿತ್ತು. ಗಂಟೆ ಹೊಡೆಯುತ್ತಿತ್ತು. ಅವನು ಓಡುತ್ತಿದ್ದ. ನರಿ ಇರುತ್ತಿರಲಿಲ್ಲ. ಓಡಿ ಓಡಿ ಬೇಸತ್ತು, ಇದೂ ಗಾಳಿಯೇ ಎಂದು ಅವನು ಮಲಗಿದಾಗ ನರಿ ಬರುತ್ತಿತ್ತು.

ಮೂಡಣದವನ ಗಂಟೆ ಹಾಗಲ್ಲ. ಅದು ಹೊಡೆಯುವುದೇ ಅಪರೂಪ. ಹೊಡೆದರೆ ಹಿಂದೆಯೇ ಒಂದು ನರಿಯ ಅರಚಾಟ ಕೇಳಿಸುತ್ತಿತ್ತು.

ಪಡುವಣದವನಿಗೆ ಹೊಟ್ಟೆ ಉರಿಯಿತು. ಮೂಡಣದವನ ಹಣ್ಣು ನೋಡಿ ಅಲ್ಲ; ಹಣ್ಣು ಇಬ್ಬರದೂ ಅಷ್ಟಕ್ಕಷ್ಟೇ. ಅವನ ಮುಖ ನೋಡಿ. ಅದು ನಿದ್ದೆ ಮಾಡಿದವನ ಮುಖ. ಬೆಳಗ್ಗೆ ಮೂಡಣದವನು ಗುಡಿಸಲಿನಿಂದ ಹೊರಗೆ ಬಂದು, ಎರಡೂ ಕೈ ಮೇಲೆತ್ತಿ ಮೈ ಮುರಿಯುತ್ತಿದ್ದ. ಪಡುವಣದವನು ಅದನ್ನು ನೋಡಲೆಂದೇ ಕಾದು ಕೂರುತ್ತಿದ್ದ. ಎದ್ದ ಕೂಡಲೇ ನಡುಗಡ್ಡೆಯ ಆಚೆಗೆ ಕಣ್ಣು ಹಾಯಿಸುವುದು ಅವನಿಗೆ ಹಲ್ಲುಜ್ಜುವಷ್ಟೇ ಅಭ್ಯಾಸವಾಯಿತು.

"ಅವನ ಗಂಟೆ ಒಂದು ಸಲ ಹೊಡೆದರೆ ನರಿ ಓಡುತ್ತದೆ" ಎಂದಳು ಬುತ್ತಿ ತಂದ ಹೆಂಡತಿ. "ನಿಮ್ಮದು ಬೆಳಗಿನ ತನಕ ಹೊಡೆದರೆ ನೀವು ಓಡುತ್ತೀರಿ."

"ಅವನದು ಒಳ್ಳೆಯ ಗಂಟೆ."

"ಗಂಟೆಯಲ್ಲಿ ಒಳ್ಳೆಯದು ಕೆಟ್ಟದ್ದು ಏನಿರುತ್ತದೆ? ಹೊಡೆದರೆ ಠಣ್ ಅನ್ನುತ್ತದೆ."

"ನಿನಗೆ ತಿಳಿಯುವುದಿಲ್ಲ. ಕಂಚಿನಲ್ಲಿ ಏನೋ ಬೆರೆಸಿದ್ದಾರೆ."

ಅವನು ಮೊದಲು ಹುರಿಗಳನ್ನು ಹೆಚ್ಚು ಮಾಡಿದ. ಗಾಳಿಗೆ ಎಳೆಯಲು ಇನ್ನಷ್ಟು ಸಿಕ್ಕಿತು. ಆಮೇಲೆ ಕಡಿಮೆ ಮಾಡಿದ. ನರಿಗೆ ಬರಲು ಇನ್ನಷ್ಟು ದಾರಿ ಸಿಕ್ಕಿತು. ಕೊನೆಗೆ ನಡುಗಡ್ಡೆಯನ್ನು ಸುತ್ತಿ ಮೂಡಣದವನ ತೋಟಕ್ಕೆ ಹೋದ.

"ಬಾರಪ್ಪಾ, ಕೂತುಕೋ" ಎಂದ ಮೂಡಣದವನು. "ಮುಖ ಯಾಕೆ ಹೀಗೆ ಬಾಡಿದೆ? ಹುಷಾರಿಲ್ಲವೆ?"

"ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದೇನೆ. ಅದಿರಲಿ, ನಿನ್ನ ಗಂಟೆ ಎಲ್ಲಿಂದ ತಂದದ್ದು?"

"ಇದೋ? ನಮ್ಮ ಹೋರಿಯ ಕೊರಳಲ್ಲಿ ಇದ್ದದ್ದು. ಹೋರಿ ಸತ್ತಿತು, ಗಂಟೆ ಉಳಿಯಿತು."

"ನನ್ನದರ ಜೊತೆ ಬದಲಾಯಿಸಿಕೊಳ್ಳುತ್ತೀಯಾ?"

"ಅದಕ್ಕೇನಂತೆ" ಎಂದು ಮೂಡಣದವನು ಎದ್ದು ಗಂಟೆ ಬಿಚ್ಚಿ ಕೈಗೆ ಕೊಟ್ಟ. "ನಿನ್ನದನ್ನು ಸಂಜೆಯೊಳಗೆ ತಂದುಕೊಡು ಮಾರಾಯ. ಕತ್ತಲಾದರೆ ನೆಂಟರು ಬರುತ್ತಾರೆ."

ದಾರಿಯುದ್ದಕ್ಕೂ ಪಡುವಣದವನಿಗೆ ಸಮಾಧಾನವಿಲ್ಲ. ಕೇಳಿದ ಕೂಡಲೇ ಕೊಟ್ಟನಲ್ಲ? ಒಂದೋ ಇವನು ಪೆದ್ದ, ಇಲ್ಲವೇ ನನ್ನನ್ನು ಪೆದ್ದ ಮಾಡಿದ. ಆದರೂ ಸಂಜೆಯೊಳಗೆ ತನ್ನ ಗಂಟೆಯನ್ನು ಅವನಿಗೆ ಕೊಟ್ಟುಬಂದು, ಹೋರಿಯ ಗಂಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ, ತೂಗುಹಾಕಿದ, ಮಲಗಿದ. ಗಾಳಿ ಬಂತು. ಹೋರಿಯ ಗಂಟೆ ಅವನ ಹಳೆಯ ಗಂಟೆಯಂತೆಯೇ ಹೊಡೆಯತೊಡಗಿತು.

ಆಚೆ ಮೂಡಣದಿಂದ ಒಂದೇ ಒಂದು ಸಲ ಠಣ್ ಎಂದು ಕೇಳಿಸಿತು. ಹಿಂದೆಯೇ ನರಿಯ ಅರಚಾಟ. ತನ್ನ ಗಂಟೆಯ ದನಿ ಅವನಿಗೆ ಗುರುತಾಗದೆ ಇರುತ್ತದೆಯೇ? ಅವನ ಅಪ್ಪನ ಕಾಲದಿಂದ ಮನೆಯಲ್ಲಿದ್ದ ಗಂಟೆ. ಇಲ್ಲಿದ್ದಷ್ಟು ದಿನವೂ ಅದಕ್ಕೆ ಗಾಳಿ ಯಾವುದು, ನರಿ ಯಾವುದು ಎಂದು ತಿಳಿದಿರಲಿಲ್ಲ. ಆಚೆ ಮನೆಗೆ ಹೋದ ದಿನವೇ ಬುದ್ಧಿ ಕಲಿತಿತ್ತು. ಅಲ್ಲಿಯ ತನಕ ಅವನ ಹೊಟ್ಟೆಕಿಚ್ಚು ಒಬ್ಬ ಮನುಷ್ಯನ ಮೇಲಿತ್ತು. ಈಗ ಒಂದು ಕಂಚಿನ ತುಂಡಿನ ಮೇಲೂ ಹತ್ತಿತು.

ಕತೆ ಇಲ್ಲಿಗೆ ಬಂದಾಗ ಧರಣೇಂದ್ರ ಬಾಯಿ ಹಾಕಿದ. "ಗುರುಗಳೇ, ಗಂಟೆಯೇ ಕೋಶದ ಒಡಲು, ಹುರಿಗಳೇ ಅದರ ಕವಲುಗಳು. ಗುಟ್ಟು ಇರುವುದು ಹುರಿಯ ಆಕಾರದಲ್ಲಿ. ಅಲ್ಲವೆ?"

"ಪಡುವಣದವನಿಗೂ ಬೆಳಗಾಗುವಷ್ಟರಲ್ಲಿ ಅದು ಹೊಳೆಯಿತು" ಎಂದರು ಗುರುಗಳು. "ಅವನೂ ನಿನ್ನಷ್ಟೇ ಜಾಣ."

ಸಂತೆಯ ದಿನ ಮೂಡಣದವನು ಹಣ್ಣು ಹೇರಿಕೊಂಡು ಹೋದಾಗ ಪಡುವಣದವನು ಅವನ ತೋಟಕ್ಕೆ ನುಗ್ಗಿದ. ಮೊದಲ ಬಾರಿ ಗಂಟೆಯನ್ನು ಬಿಟ್ಟು ಹುರಿಗಳನ್ನು ನೋಡಿದ.

ಅವು ನೇರವಾಗಿರಲಿಲ್ಲ. ಅಕ್ಕಪಕ್ಕದ ಎರಡು ಮೂರು ಹುರಿಗಳು ಮರಳಲ್ಲಿ ನೆಟ್ಟ, ತುದಿ ಕವಲೊಡೆದ ಕೋಲಿನ ಒಂದು ಕವೆಯಲ್ಲಿ ಕೂಡುತ್ತಿದ್ದವು. ಕವೆಯ ಸಂದಿಯಲ್ಲಿ ಒಂದು ಕಲ್ಲು ಕೂತಿತ್ತು. ಕಲ್ಲಿಗೆ ಕಟ್ಟಿದ ಹುರಿ ದೊಡ್ಡ ಹಗ್ಗಕ್ಕೆ ಹೋಗುತ್ತಿತ್ತು, ದೊಡ್ಡ ಹಗ್ಗ ಗಂಟೆಗೆ. ತೋಟದ ಸುತ್ತ ಇಂಥ ಕವೆಗಳು. ಗಾಳಿ ತೋಟವನ್ನೆಲ್ಲ ಮುಟ್ಟುತ್ತದೆ, ಆದರೆ ಎಲ್ಲಿಯೂ ಬಲವಾಗಿ ಮುಟ್ಟುವುದಿಲ್ಲ. ಕಲ್ಲುಗಳು ಕೂತಲ್ಲೇ ಅಲುಗಾಡಿ ಸುಮ್ಮನಾಗುತ್ತಿದ್ದವು. ನರಿ ಒಂದೇ ಕಡೆ ಬರುತ್ತದೆ, ಆದರೆ ಮೈಯಿಟ್ಟು ನುಗ್ಗುತ್ತದೆ. ಅಕ್ಕಪಕ್ಕದ ಹುರಿಗಳು ಒಟ್ಟಿಗೆ ಜಗ್ಗಿದಾಗ ಆ ಕವೆಯ ಕಲ್ಲು ಬೀಳುತ್ತಿತ್ತು. ಕಲ್ಲಿನ ಭಾರಕ್ಕೆ ಗಂಟೆ ಹೊಡೆಯುತ್ತಿತ್ತು. ಗಾಳಿಯೋ ನರಿಯೋ ಎಂಬುದು ಗಂಟೆಗೆ ಬರುವ ಮೊದಲೇ, ದಾರಿಯಲ್ಲೇ ತೀರ್ಮಾನವಾಗಿರುತ್ತಿತ್ತು.

ಇನ್ನೂ ಒಂದಿತ್ತು. ಮೂಡಣದ ಅಂಚಿನಲ್ಲಿ ಒಂದು ಹಗುರವಾದ ಹಲಗೆ. ಅದರ ಹುರಿ ಯಾವ ಕವೆಗೂ ಹೋಗದೆ ನೇರವಾಗಿ ಗಂಟೆಯ ಬುಡದ ಒಂದು ಗೂಟಕ್ಕೆ ಹೋಗಿತ್ತು. ಹಲಗೆಯ ಮೇಲೆ ಕಾಲಿಟ್ಟರೆ ಗೂಟ ಕಳಚಿ ದೊಡ್ಡ ಹಗ್ಗ ಸಡಿಲವಾಗುತ್ತಿತ್ತು. ಅದನ್ನು ಮತ್ತೆ ಬಿಗಿಯುವ ತನಕ ಎಷ್ಟು ಕಲ್ಲು ಬಿದ್ದರೂ ಗಂಟೆಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಅದು ಮೂಡಣದವನ ಹೆಂಡತಿ ಹೇಳಿ ಮಾಡಿಸಿದ್ದು. ಒಮ್ಮೆ ಅವಳು ಮಗುವನ್ನು ಕರೆದುಕೊಂಡು ಬುತ್ತಿ ತಂದಾಗ ಗಂಟೆ ಹೊಡೆದು, ಗಂಡ ದೊಣ್ಣೆ ಎತ್ತಿಕೊಂಡು ಬಂದಿದ್ದ. ಈಗ ಅವಳು ತುಳಿದರೂ ಸರಿ, ಮಗು ತುಳಿದರೂ ಸರಿ, ಗಂಟೆ ಬಾಯಿ ಮುಚ್ಚುತ್ತಿತ್ತು. ಅವರು ಹೋದ ಮೇಲೆ ಅವನು ಗೂಟವನ್ನು ಮತ್ತೆ ಬಿಗಿಯುತ್ತಿದ್ದ.

ಪಡುವಣದವನಿಗೆ ಇದೊಂದೂ ಗೊತ್ತಿರಲಿಲ್ಲ. ಕೇಳಿದ್ದರೆ ಮೂಡಣದವನು ಹೇಳುತ್ತಿದ್ದ. ಗಂಟೆಯನ್ನೇ ಕೊಟ್ಟವನು ಮಾತಿಗೆ ಜಿಪುಣನೆ? ಆದರೆ ಇನ್ನೊಮ್ಮೆ ಅವನ ಮುಂದೆ ಹೋಗಿ ನಿಲ್ಲುವುದು ಪಡುವಣದವನಿಗೆ ಸಾಧ್ಯವಿರಲಿಲ್ಲ. ಈ ಹಲಗೆಯ ಹುರಿ ಗಂಟೆಗೆ ಎಲ್ಲಕ್ಕಿಂತ ಹತ್ತಿರವಿದೆ, ಇದೇ ಗುಟ್ಟಿನ ಗುಟ್ಟು ಎಂದುಕೊಂಡ. ಹಗ್ಗದಿಂದ ಅಳೆದ. ಯಾವ ಕವೆ ಯಾವ ದಿಕ್ಕಿಗೆ, ಎಷ್ಟು ದೂರಕ್ಕೆ ಎಂದು ಬಾಯಿಪಾಠ ಮಾಡಿಕೊಂಡ.

ತನ್ನ ತೋಟಕ್ಕೆ ಬಂದು ಹಳೆಯದನ್ನೆಲ್ಲ ಕಿತ್ತು ಹಾಗೆಯೇ ಕಟ್ಟಿದ. ಕವೆಗೆ ಕವೆ, ಕಲ್ಲಿಗೆ ಕಲ್ಲು. ಮೂಡಣದ ಅಂಚಿನಲ್ಲಿದ್ದ ಹಲಗೆಯನ್ನು ಮೂಡಣದ ಅಂಚಿನಲ್ಲೇ ಇಟ್ಟ. ಗಾಳಿ ಬಂತು. ಗಂಟೆ ಸುಮ್ಮನಿತ್ತು. ಅವನ ಕಣ್ಣಲ್ಲಿ ನೀರು ಬಂತು.

ಸಂಜೆ ಹೆಂಡತಿ ಎಂದಿನಂತೆ ಪಡುವಣದ ಊರಿನ ಕಡೆಯಿಂದ ಬುತ್ತಿ ಹೊತ್ತು ಬಂದಳು. ಅವಳ ಸೀರೆಯ ಅಂಚು ಎರಡು ಹುರಿಗಳನ್ನು ಒಟ್ಟಿಗೆ ಎಳೆಯಿತು. ಕಲ್ಲು ಬಿತ್ತು, ಗಂಟೆ ಹೊಡೆಯಿತು, ಗಂಡ ದೊಣ್ಣೆ ಹಿಡಿದು ಓಡಿಬಂದ.

"ನಾನೇನು ನರಿಯೆ?" ಎಂದಳು.

ಅವನು ದೊಣ್ಣೆ ಎಸೆದು ಕುಣಿದ. "ಹೊಡೆಯಿತು ಕಣೇ! ಅವನ ಗಂಟೆ ಅವನ ಹೆಂಡತಿ ಬಂದರೆ ಹೊಡೆಯುವುದಿಲ್ಲ. ನಾನು ಇಲ್ಲಿಂದ ಎಷ್ಟು ಸಲ ನೋಡಿದ್ದೇನೆ! ನನ್ನದು ನೀನು ಬಂದರೂ ಹೊಡೆಯುತ್ತದೆ. ಅವನದಕ್ಕಿಂತ ಚುರುಕು."

"ಆ ಹಲಗೆ ಯಾಕೆ ಅಲ್ಲಿ ಬಿದ್ದಿದೆ?"

"ಅವನದು ಮೂಡಣಕ್ಕಿದೆ. ನಮ್ಮದೂ ಮೂಡಣಕ್ಕಿರಲಿ."

"ಮೂಡಣಕ್ಕೆ ನಮ್ಮವರು ಯಾರಿದ್ದಾರೆ? ಜೊಂಡು, ಜೊಂಡಿನಲ್ಲಿ ನರಿ. ನರಿಗೆ ಕಾಲು ಒರೆಸಿಕೊಂಡು ಬಾ ಎಂದು ಹಾಕಿದ್ದೀರೇನು?"

ಅವನಿಗೆ ಅದು ಕೇಳಿಸಲಿಲ್ಲ. ಬಿದ್ದ ಕಲ್ಲನ್ನು ಮತ್ತೆ ಕವೆಗೆ ಏರಿಸುತ್ತಾ, ನಾಳೆ ಬೆಳಗ್ಗೆ ಮೂಡಣದವನು ನೋಡುವಂತೆ ತಾನೂ ಹೊರಗೆ ನಿಂತು ಹೇಗೆ ಮೈ ಮುರಿಯಬೇಕು ಎಂದು ಯೋಚಿಸುತ್ತಿದ್ದ. ಹೊಟ್ಟೆ ತುಂಬ ಉಂಡ. ಚಾಪೆ ಹಾಸಿದ. ಆ ಬೇಸಗೆಯಲ್ಲಿ ಮೊದಲ ಬಾರಿಗೆ ಕಣ್ತುಂಬ ನಿದ್ದೆ ಮಾಡಿದ.

ನರಿಗಳು ಎಂದಿನಂತೆ ಜೊಂಡಿನಿಂದ, ಮೂಡಣದ ಕಡೆಯಿಂದಲೇ ಬಂದವು. ಮೊದಲನೆಯದು ಹಲಗೆಯ ಮೇಲೆ ಕಾಲಿಟ್ಟಿತು. ಗೂಟ ಕಳಚಿತು. ಉಳಿದವು ತಮಗೆ ಬೇಕಾದಲ್ಲಿ ನುಗ್ಗಿದವು. ಕಲ್ಲುಗಳು ಒಂದೊಂದಾಗಿ ಬಿದ್ದವು. ಗಂಟೆ ಅಲುಗಲಿಲ್ಲ.

ಬೆಳಗ್ಗೆ ಅವನು ಹೊರಗೆ ಬಂದು, ಮೂಡಣಕ್ಕೆ ಮುಖ ಮಾಡಿ, ಎರಡೂ ಕೈ ಮೇಲೆತ್ತಿ ಮೈ ಮುರಿದ. ಆಚೆಯವನು ನೋಡಿದನೇ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಕೆಳಗೆ ನೋಡಿದ. ಮರಳೆಲ್ಲ ಕೆಂಪಾಗಿತ್ತು. ಕಚ್ಚದ ಹಣ್ಣು ಒಂದೂ ಇರಲಿಲ್ಲ.

ಅವನ ಕೂಗು ಕೇಳಿ ಮೂಡಣದವನು ಓಡಿಬಂದ.

"ನಿನ್ನ ಗಂಟೆ ತಂದೆ, ಅದು ಸುಳ್ಳಾಯಿತು" ಎಂದು ಪಡುವಣದವನು ಅವನ ಎದೆಗೆ ಬೆರಳಿಟ್ಟು ಹೇಳಿದ. "ನಿನ್ನ ಕವೆ ತಂದೆ, ಅದೂ ಸುಳ್ಳು. ನಿನ್ನದನ್ನು ನೂಲಿನಷ್ಟೂ ತಪ್ಪದೆ ಕಟ್ಟಿದ್ದೇನೆ. ನಿನಗೆ ನಿದ್ದೆ, ನನಗೆ ಈ ಗತಿ. ಏನು ಮುಚ್ಚಿಟ್ಟಿದ್ದೀಯಾ, ಹೇಳು."

ಮೂಡಣದವನು ತೋಟವನ್ನು ಸುತ್ತಿದ. ಕವೆಗಳನ್ನು ನೋಡಿದ. ಕೆಲಸ ಅಚ್ಚುಕಟ್ಟಾಗಿತ್ತು; ತನ್ನದಕ್ಕಿಂತ ಅಚ್ಚುಕಟ್ಟು. ಹಲಗೆಯ ಬಳಿ ಬಂದು ನಿಂತ. ಅದರ ಮೇಲೆ ನರಿಯ ಒದ್ದೆ ಹೆಜ್ಜೆಗಳಿದ್ದವು.

"ಅಣ್ಣಾ" ಎಂದ, "ಇದು ನಾನು ಹೆಂಡತಿ ಮಕ್ಕಳಿಗೆ ಇಟ್ಟ ಬಾಗಿಲು. ನೀನು ನರಿಗೆ ಇಟ್ಟಿದ್ದೀಯಾ."

ಗುರುಗಳು ತಣ್ಣಗಾದ ಚಹಾವನ್ನು ಕುಡಿದು ಮುಗಿಸಿದರು. ಧರಣೇಂದ್ರನ ಎರಡು ಚಿತ್ರಗಳನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಕಿಡಿ ಎರಡೂ ಕೋಶಗಳಲ್ಲಿ ಒಂದೇ. ಕಿಡಿ ಬರೀ ಉತ್ತರ. ಲೆಕ್ಕ ನಡೆಯುವುದು ಕೊಂಬೆಯಲ್ಲಿ. ಒಂದೇ ಟಿಸಿಲಿಗೆ ಒಟ್ಟಾಗಿ ಬಂದ ಸುದ್ದಿಗಳು ಅಲ್ಲೇ ಕೂಡಿ ಬಲವಾಗುತ್ತವೆ. ಅವೇ ಸುದ್ದಿಗಳು ಬೇರೆ ಬೇರೆ ಟಿಸಿಲುಗಳಿಗೆ ಚದರಿ ಬಂದರೆ ದಾರಿಯಲ್ಲೇ ಸವೆದುಹೋಗುತ್ತವೆ. ಒಡಲ ಬಳಿ ಬಂದ ಒಂದು 'ಬೇಡ' ದೂರದ ಎಷ್ಟೋ 'ಹೌದು'ಗಳ ಬಾಯಿ ಮುಚ್ಚಿಸುತ್ತದೆ. ಯಾವ ಸುದ್ದಿ ಎಲ್ಲಿ ಬಂದು ಮುಟ್ಟುತ್ತದೆ ಎಂಬುದಕ್ಕೆ ಆಕಾರ ಹೊಂದಬೇಕು. ಹೊಂದದಿದ್ದರೆ ಎಷ್ಟು ಕವಲಿದ್ದರೂ ಅದು ಬರೀ ಒಲೆಗೆ ಹಾಕುವ ಪುರಳೆ."

ಧರಣೇಂದ್ರನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಅವನು ಎದ್ದು ಹೋಗಲಿಲ್ಲ.

"ಹಾಗಾದರೆ ಕೆಲವರಿಗೆ..." ಎಂದು ತಡೆದು, "ಕೆಲವು ಕೋಶಗಳಿಗೆ ಒಳ್ಳೆಯ ಆಕಾರ ಹುಟ್ಟುವಾಗಲೇ ಬಂದಿರುತ್ತದೆ. ಉಳಿದವು ಏನು ಮಾಡಿಯೂ ಪ್ರಯೋಜನವಿಲ್ಲ" ಎಂದ.

"ಮೂಡಣದವನು ಮೊದಲ ಬೇಸಗೆಯಲ್ಲಿ ಹುರಿಗಳನ್ನು ನೇರವಾಗಿಯೇ ಕಟ್ಟಿದ್ದ" ಎಂದರು ಗುರುಗಳು. "ಅವನೂ ಗಾಳಿಯ ಹಿಂದೆ ಓಡಿದ್ದ. ಆದರೆ ಬೆಳಗ್ಗೆ ಎದ್ದು ತನ್ನ ಮರಳಿನ ಮೇಲೆ ಹೆಜ್ಜೆ ನೋಡುತ್ತಿದ್ದ. ನರಿಯ ಹೆಜ್ಜೆ ಕಂಡಲ್ಲಿ ಒಂದು ಕವೆ ನೆಟ್ಟ. ಕಾಣದ ಕಡೆಯಲ್ಲಿ ಕಿತ್ತ. ಹೆಂಡತಿ ಬೈದಲ್ಲಿ ಹಲಗೆ ಇಟ್ಟ. ಕೋಶವೂ ಸ್ವಲ್ಪ ಹಾಗೆಯೇ. ಒಂದಿಷ್ಟು ಹುಟ್ಟಿನಿಂದ ಬರುತ್ತದೆ. ಮಿಕ್ಕದ್ದು, ಬಂದ ಸುದ್ದಿಗೆ ತಕ್ಕಂತೆ ಬೆಳೆಯುತ್ತದೆ, ಉದುರುತ್ತದೆ."

ಕಪಾಟಿನ ಮೂಲೆಯಲ್ಲಿ ಕುಮುದಿನಿ ಮಸೂರದ ಮೇಲೆ ಬಾಗಿದ್ದಳು. ಅಲ್ಲಿ ಬೆಳಕು ಕಡಿಮೆ. ಅವಳು ಕೈ ಚಾಚಿ ಸಣ್ಣ ದೀಪವೊಂದನ್ನು ಹತ್ತಿರಕ್ಕೆ ಎಳೆದುಕೊಂಡು, ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಬಾಗಿದಳು. ಅವಳಿಗೆ ಏನೋ ಕಂಡಿರಬೇಕು. ಧರಣೇಂದ್ರನ ಕಣ್ಣು ಅಲ್ಲಿಯೇ ನೆಟ್ಟಿತ್ತು.

"ಪಡುವಣದವನೂ ದಿನಾ ಬೆಳಗ್ಗೆ ಎದ್ದು ನೋಡುತ್ತಿದ್ದನಲ್ಲ, ಗುರುಗಳೇ" ಎಂದ, ಕಣ್ಣು ತೆಗೆಯದೆಯೇ.

ಅವನ ಕಣ್ಣು ಹೋದ ಕಡೆಗೆ ಗುರುಗಳೂ ಒಮ್ಮೆ ನೋಡಿದರು.

"ನೋಡುತ್ತಿದ್ದ, ಮೂಡಣದ ಕಡೆಗೆ."